ಹಗಲು ಹನ್ನೊಂದು, ರಾತ್ರಿ ಏಳು: ಒಂದು ಕಾಲೇಜು ಫುಟ್‌ಬಾಲ್ ತಂಡದ ಋತು

ಹಿನ್ನೆಲೆ

ಕೊಡಗಿನಲ್ಲಿ ಎಲ್ಲೇ ಮೈದಾನವಿರಲಿ, ಅದರ ಮೇಲೆ ಮೊದಲ ಹಕ್ಕು ಹಾಕಿಯದು. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಅವರಂಥವರನ್ನು ದೇಶಕ್ಕೆ ಕೊಟ್ಟ ಜಿಲ್ಲೆ ಇದು. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಈಗ ನೂರಾರು ಮನೆತನಗಳು ತಂಡ ಕಳಿಸುತ್ತವೆ. ಹಾಗೆಂದು ಫುಟ್‌ಬಾಲ್ ಇಲ್ಲವೆಂದಲ್ಲ. ಸುಂಟಿಕೊಪ್ಪ, ಸಿದ್ದಾಪುರ, ನೆಲ್ಲಿಹುದಿಕೇರಿ, ಅಮ್ಮತ್ತಿ ಕಡೆ ಸಂಜೆ ಹೊತ್ತು ಹೋದರೆ ಕೊಯ್ಲಾದ ಗದ್ದೆಯಲ್ಲೋ ಶಾಲೆಯಂಗಳದಲ್ಲೋ ಚೆಂಡು ಓಡುತ್ತಲೇ ಇರುತ್ತದೆ. ಆಡುವವರು ಹೆಚ್ಚಾಗಿ ಕಾಫಿ ತೋಟದ ಲೈನ್‌ಮನೆಗಳ ಹುಡುಗರು, ಪೇಟೆಯ ಅಂಗಡಿಗಳಲ್ಲಿ ಕೆಲಸಕ್ಕಿರುವವರು, ಆಟೋ ಓಡಿಸುವವರ ಮಕ್ಕಳು. ಅವರಲ್ಲೇ ಕೆಲವರು ಪಿಯುಸಿ ಮುಗಿಸಿ ಹತ್ತಿರದ ಡಿಗ್ರಿ ಕಾಲೇಜಿಗೆ ಸೇರುತ್ತಾರೆ.

ಇಲ್ಲಿ ಹೇಳುತ್ತಿರುವುದು ಅಂಥ ಒಂದು ಕಾಲೇಜಿನ ಕಥೆ. ಜಿಲ್ಲೆಗೆ ತನ್ನದೇ ವಿಶ್ವವಿದ್ಯಾಲಯ ಇನ್ನೂ ಬಂದಿರಲಿಲ್ಲ, ಅಂತರ ಕಾಲೇಜು ಟೂರ್ನಿಗೆ ಸಂಪಾಜೆ ಘಾಟಿ ಇಳಿದು ಕರಾವಳಿಗೆ ಹೋಗಬೇಕಿತ್ತು. ಆ ಟೂರ್ನಿಯಲ್ಲಿ ನಾನು ಬೇರೊಂದು ಕಾಲೇಜಿನ ದೈಹಿಕ ಶಿಕ್ಷಣ ವಿಭಾಗದಿಂದ ಹೋಗಿ ಸ್ಕೋರ್ ಮೇಜಿನ ಕೆಲಸ ನೋಡಿಕೊಂಡಿದ್ದೆ. ಆಮೇಲೆ ತಂಡದ ದೈಹಿಕ ಶಿಕ್ಷಣ ನಿರ್ದೇಶಕರು, ಆಟಗಾರರು ಮತ್ತು ಊರಿನ ಕ್ಲಬ್ಬಿನ ಮ್ಯಾನೇಜರ್ ಜೊತೆ ಬೇರೆ ಬೇರೆಯಾಗಿ ಕೂತು ಕೇಳಿ ಇದನ್ನು ಬರೆದಿದ್ದೇನೆ. ಊರು, ಕಾಲೇಜು, ಕ್ಲಬ್ ಯಾವುದರ ಹೆಸರೂ ಇಲ್ಲ. ಆಟಗಾರರನ್ನು ಜೆರ್ಸಿ ನಂಬರಿನಿಂದ ಕರೆದಿದ್ದೇನೆ, ಆ ನಂಬರುಗಳನ್ನೂ ಬದಲಿಸಿದ್ದೇನೆ. ನಿರ್ದೇಶಕರನ್ನು ಹುಡುಗರು ಕರೆಯುವಂತೆ ಪಿ.ಡಿ. ಸರ್ ಎನ್ನುತ್ತೇನೆ.

ಕಾಲೇಜು ಸಣ್ಣದು. ಈಗ ಬಹಳ ಸರಕಾರಿ ಡಿಗ್ರಿ ಕಾಲೇಜುಗಳಲ್ಲಿ ಇರುವಂತೆ ಹುಡುಗಿಯರೇ ಹೆಚ್ಚು. ಫುಟ್‌ಬಾಲ್ ಗೊತ್ತಿರುವ ಗಂಡುಮಕ್ಕಳನ್ನೆಲ್ಲ ಸೇರಿಸಿದರೆ ಹದಿನೆಂಟು ಜನರ ಪಟ್ಟಿ ತುಂಬುವುದೇ ಕಷ್ಟ. ಆದರೆ ಇದ್ದವರು ಸಾಮಾನ್ಯರಲ್ಲ. ಅವರಲ್ಲಿ ಮುಕ್ಕಾಲು ಪಾಲು ಹುಡುಗರು ಸ್ಥಳೀಯ ಕ್ಲಬ್ಬುಗಳಿಗೆ ಸೆವೆನ್ಸ್ ಆಡುತ್ತಿದ್ದರು.

ಸೆವೆನ್ಸ್ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಕೇರಳದ ಮಲಪ್ಪುರಂ ಕಡೆ ಬೇರುಬಿಟ್ಟಿರುವ, ಗಡಿ ದಾಟಿ ಕೊಡಗಿಗೂ ದಕ್ಷಿಣ ಕನ್ನಡಕ್ಕೂ ಹಬ್ಬಿರುವ ಆಟ ಅದು. ಒಂದು ಕಡೆಗೆ ಏಳು ಜನ, ಸಣ್ಣ ಮೈದಾನ, ಲೈಟು ಹಾಕಿ ರಾತ್ರಿ ಆಟ, ಸುತ್ತ ತಾತ್ಕಾಲಿಕ ಗ್ಯಾಲರಿ. ಆಫ್‌ಸೈಡ್ (ಎದುರು ತಂಡದ ಕೊನೆಯ ಡಿಫೆಂಡರನನ್ನು ದಾಟಿ ನಿಂತವನಿಗೆ ಪಾಸು ಕೊಡುವಂತಿಲ್ಲ ಎಂಬ ನಿಯಮ) ಇರುವುದಿಲ್ಲ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಮಾನ್ಯತೆಯಿಲ್ಲ, ಆದರೂ ಜನ ಟಿಕೆಟ್ ಕೊಟ್ಟು ನೋಡುತ್ತಾರೆ. ಕೇರಳದ ದೊಡ್ಡ ಟೂರ್ನಿಗಳಿಗೆ ಆಫ್ರಿಕಾದಿಂದಲೂ ಆಟಗಾರರು ಬರುತ್ತಾರೆ. ಕಾಸು ಕೊಟ್ಟು ಕರೆಸಿಕೊಳ್ಳುವ ಆಟಗಾರನಿಗೆ ‘ಗೆಸ್ಟ್’ ಎನ್ನುತ್ತಾರೆ. ಈ ಕಾಲೇಜಿನ ಒಂಬತ್ತನೇ ನಂಬರಿನವನು ಅಂಥ ಗೆಸ್ಟ್. ಎರಡು ಮೂರು ದಿನ ತೋಟದಲ್ಲಿ ಕಾಫಿ ಕುಯ್ದರೆ ಸಿಗುವಷ್ಟು ಹಣ ಅವನಿಗೆ ಒಂದು ರಾತ್ರಿಗೆ ಸಿಗುತ್ತಿತ್ತು. ಅದರಲ್ಲೇ ಅವನ ಪರೀಕ್ಷಾ ಶುಲ್ಕ, ಬಸ್ ಪಾಸು, ತಂಗಿಯ ಪುಸ್ತಕ.

ಸಮಸ್ಯೆ

ಇಷ್ಟು ಚಳಕವಿದ್ದೂ ಕಾಲೇಜು ತಂಡ ಮೂರು ವರ್ಷ ಮೊದಲ ಸುತ್ತಿನಲ್ಲೇ ಸೋತು ಮನೆಗೆ ಬಂದಿತ್ತು. ಸ್ಟಾಫ್ ರೂಮಿನಲ್ಲಿ ಇದಕ್ಕೆ ಸಿದ್ಧ ಉತ್ತರವಿತ್ತು: ‘ರಾತ್ರಿಯೆಲ್ಲ ದುಡ್ಡಿಗೆ ಆಡ್ತಾರೆ, ಹಗಲು ಕಾಲೇಜಿಗೆ ಆಡೋಕೆ ಕಾಲೇ ಏಳಲ್ಲ.’ ಹೊಸದಾಗಿ ವರ್ಗವಾಗಿ ಬಂದ ಪಿ.ಡಿ. ಸರ್ ಕೂಡ ಮೊದಲು ಅದನ್ನೇ ನಂಬಿದರು. ಅವರು ಅಥ್ಲೆಟಿಕ್ಸ್‌ನಿಂದ ಬಂದವರು. ನಿದ್ದೆ, ಊಟ, ವಿಶ್ರಾಂತಿ ಲೆಕ್ಕದಲ್ಲಿಲ್ಲದೆ ಯಾವ ಆಟವೂ ಇಲ್ಲ ಎಂಬುದು ಅವರ ಮಾತು. ಮಾತಿನಲ್ಲಿ ತಪ್ಪಿಲ್ಲ.

ಜುಲೈಯಲ್ಲಿ ಕಾಲೇಜು ಶುರುವಾದ ಕೂಡಲೇ ನೋಟಿಸ್ ಬೋರ್ಡಿಗೆ ಒಂದು ಹಾಳೆ ಅಂಟಿತು: ಕಾಲೇಜು ತಂಡಕ್ಕೆ ಬೇಕೆನ್ನುವವರು ಹೊರಗಿನ ಯಾವ ಟೂರ್ನಿಯಲ್ಲೂ ಆಡುವಂತಿಲ್ಲ.

ಯಾರೂ ವಾದ ಮಾಡಲಿಲ್ಲ. ಒಬ್ಬರೂ ಬಂದು ಜಗಳವಾಡಲಿಲ್ಲ. ಅಭ್ಯಾಸಕ್ಕೆ ಬರುವುದನ್ನು ಬಿಟ್ಟರು, ಅಷ್ಟೇ. ಕೇಳಿದರೆ ‘ಮಳೆ ಸರ್’. ಕೊಡಗಿನ ಜುಲೈಯಲ್ಲಿ ಅದನ್ನು ಸುಳ್ಳು ಎನ್ನುವ ಧೈರ್ಯ ಯಾರಿಗಿದೆ? ಆಗಸ್ಟ್ ಮುಗಿಯುವ ಹೊತ್ತಿಗೆ ಮೈದಾನದಲ್ಲಿ ಉಳಿದವರು ರಾತ್ರಿ ಆಟಕ್ಕೆ ಯಾರೂ ಕರೆಯದ ಆರು ಜನ ಮತ್ತು ಗೋಲಿ, ಅಂದರೆ ಗೋಲ್‌ಕೀಪರ್. ಹೆಚ್ಚು ಆಟ ಬಲ್ಲವರನ್ನು ಹೊರಗಟ್ಟುವ, ಬಾರದವರನ್ನು ಉಳಿಸಿಕೊಳ್ಳುವ ನಿಯಮ ಅದಾಗಿತ್ತು.

ಇಲ್ಲಿಂದ ದಿಕ್ಕು ಬದಲಾಗಿದ್ದು ಗೋಲಿ ಹೇಳಿದ ಒಂದು ಮಾತಿನಿಂದ. ಅವನಿಗೆ ರಾತ್ರಿ ಆಟದಿಂದ ಕಾಸು ಬರುತ್ತಿರಲಿಲ್ಲ, ಆದ್ದರಿಂದ ಹೇಳಲು ಹಿಂಜರಿಕೆಯೂ ಇರಲಿಲ್ಲ. ‘ಸರ್, ನಾವು ಸುಸ್ತಾಗಿ ಸೋತಿಲ್ಲ. ಮೊದಲ ಹದಿನೈದು ನಿಮಿಷದಲ್ಲೇ ಎರಡು ಗೋಲು ಬಿದ್ದಿರ್ತದೆ. ಅಷ್ಟು ಬೇಗ ಯಾರಿಗೆ ಸುಸ್ತಾಗ್ತದೆ?’

ಪಿ.ಡಿ. ಸರ್ ಹಿಂದಿನ ಮೂರು ವರ್ಷದ ಆಟಗಾರರನ್ನು ಕರೆದು, ತಿಂದ ಒಂದೊಂದು ಗೋಲನ್ನೂ ಹಾಳೆಯ ಮೇಲೆ ಚಿತ್ರ ಬರೆಯಿರಿ ಅಂದರು. ನೆನಪು ಪಕ್ಷಪಾತಿ ನಿಜ, ಆದರೂ ಬೇರೆ ಬೇರೆ ಹುಡುಗರ ಚಿತ್ರಗಳು ಒಂದೇ ಕಡೆ ಬೆರಳು ತೋರಿಸಿದವು. ಅರ್ಧಕ್ಕಿಂತ ಹೆಚ್ಚು ಗೋಲುಗಳು ಎರಡೇ ಬಗೆಯವು. ಒಂದು, ಡಿಫೆಂಡರುಗಳ ಬೆನ್ನ ಹಿಂದೆ ಬಿದ್ದ ಉದ್ದ ಪಾಸು. ಇನ್ನೊಂದು, ಅಂಚಿನಿಂದ ಎತ್ತರಕ್ಕೆ ಬಂದ ಕ್ರಾಸಿಗೆ ತಲೆ ಕೊಟ್ಟದ್ದು.

ಎರಡಕ್ಕೂ ಕಾರಣ ಸೆವೆನ್ಸ್‌ನಲ್ಲೇ ಇತ್ತು, ಆದರೆ ದಣಿವಿನಲ್ಲಿ ಅಲ್ಲ. ಆಫ್‌ಸೈಡ್ ಇಲ್ಲದ ಆಟದಲ್ಲಿ ಡಿಫೆಂಡರ್ ತನ್ನ ಎದುರಾಳಿಯ ಬೆನ್ನಿಗೇ ಅಂಟಿಕೊಂಡಿರಬೇಕು. ಅವನು ಗೋಲಿನ ಹತ್ತಿರ ಹೋಗಿ ನಿಂತರೆ ಇವನೂ ಅಲ್ಲೇ ನಿಲ್ಲಬೇಕು. ಅದೇ ಅಭ್ಯಾಸದಲ್ಲಿ ಹನ್ನೊಂದರ ಆಟಕ್ಕೆ ಬಂದರೆ ನಾಲ್ವರು ನಾಲ್ಕು ದಿಕ್ಕಿಗೆ. ಒಬ್ಬ ಹಿಂದೆ ಉಳಿದರೂ ಸಾಕು, ಎದುರು ತಂಡದ ಯಾವ ಫಾರ್ವರ್ಡೂ ಆಫ್‌ಸೈಡ್ ಆಗುವುದಿಲ್ಲ. ಇನ್ನು ಕ್ರಾಸ್: ಸಣ್ಣ ಮೈದಾನದಲ್ಲಿ ಅದು ಇಲ್ಲವೆಂದೇ ಹೇಳಬಹುದು. ಚೆಂಡು ನೆಲದ ಮೇಲೆ, ಕಾಲಿನಿಂದ ಕಾಲಿಗೆ.

ಗೋಲಿಯ ವಿಷಯ ಇನ್ನೂ ವಿಚಿತ್ರ. ಕಾಲೇಜಿನ ಮೈದಾನ ಹಾಕಿಯದು, ಗೋಲು ಕಂಬಗಳೂ ಹಾಕಿಯವೇ. ಹಾಕಿ ಗೋಲಿನ ಅಗಲ 3.66 ಮೀಟರ್, ಎತ್ತರ 2.14. ಫುಟ್‌ಬಾಲಿನದು 7.32 ಅಗಲ, 2.44 ಎತ್ತರ. ಅಗಲ ಸರಿಯಾಗಿ ಎರಡು ಪಟ್ಟು! ವರ್ಷವಿಡೀ ಅರ್ಧ ಗೋಲು ಕಾದ ಹುಡುಗ, ಪೂರ್ತಿ ಗೋಲನ್ನು ನೋಡುತ್ತಿದ್ದದ್ದು ಟೂರ್ನಿಯ ದಿನ ಬೆಳಿಗ್ಗೆ. ಅವನನ್ನು ಬೈದವರಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ.

ಎರಡನೇ ಪ್ರಯತ್ನ

ಸೆಪ್ಟೆಂಬರ್ ಮೊದಲ ವಾರ ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತ ಮುಗಿದ ಮೇಲೆ ಪಿ.ಡಿ. ಸರ್ ನೋಟಿಸನ್ನು ಕಿತ್ತರು. ಆಮೇಲೆ ಮಾಡಿದ ಕೆಲಸ ನನಗೆ ಈ ಇಡೀ ಪ್ರಕರಣದಲ್ಲಿ ಅತಿ ಜಾಣತನದ್ದು ಅನಿಸುತ್ತದೆ. ಹುಡುಗರನ್ನು ಕರೆಸುವ ಬದಲು ತಾವೇ ಕ್ಲಬ್ಬಿನ ರೂಮಿಗೆ ಹೋದರು. ಪೇಟೆಯ ಟಯರ್ ಅಂಗಡಿಯ ಮಹಡಿಯಲ್ಲಿ ಕ್ಯಾರಂ ಬೋರ್ಡು, ಟ್ರೋಫಿಗಳು, ಒಂದು ಹಳೆಯ ಟಿವಿ. ಮ್ಯಾನೇಜರ್ ವಯಸ್ಸಿನಲ್ಲಿ ಸರ್‌ಗಿಂತ ದೊಡ್ಡವರು, ಹುಡುಗರಿಗೆಲ್ಲ ‘ಅಣ್ಣ’. ಸರಕಾರಿ ಕಾಲೇಜಿನ ಮೇಷ್ಟ್ರೊಬ್ಬರು ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲಂತೆ. ಅರ್ಧ ಮಾತುಕತೆ ಅಲ್ಲಿಗೇ ಮುಗಿದಿತ್ತು ಎಂದು ಮ್ಯಾನೇಜರ್ ನನ್ನೆದುರು ನಕ್ಕರು.

ಲೆಡ್ಜರ್ ಹಾಳೆಯೊಂದರಲ್ಲಿ ಒಪ್ಪಂದ ಬರೆದರು. ಅಂತರ ಕಾಲೇಜು ಟೂರ್ನಿಯ ತಾರೀಖುಗಳನ್ನು ಅದರಲ್ಲಿ ನಮೂದಿಸಿ, ಅದಕ್ಕೆ ಮುಂಚಿನ ಎರಡು ರಾತ್ರಿ ಕಾಲೇಜಿನ ಯಾವ ಹುಡುಗನನ್ನೂ ಆಟಕ್ಕೆ ಕರೆಯುವುದಿಲ್ಲವೆಂದು ಕ್ಲಬ್ ಒಪ್ಪಿತು. ಸೋಮವಾರದಿಂದ ಗುರುವಾರ ಬೆಳಿಗ್ಗೆ ಅಭ್ಯಾಸ ಕಡ್ಡಾಯ. ಶುಕ್ರವಾರ, ಶನಿವಾರ ಬಿಡುವು, ಏಕೆಂದರೆ ರಾತ್ರಿ ಆಟಗಳು ವಾರದ ಕೊನೆಗೇ. ಇದಕ್ಕೆ ಬದಲಾಗಿ, ಟೂರ್ನಿಗೆ ಹೋದ ದಿನಗಳ ಹಾಜರಾತಿಗೆ ಪಿ.ಡಿ. ಸರ್ ತಾವೇ ಪ್ರತಿ ವಿಭಾಗಕ್ಕೂ ಹೋಗಿ ಪತ್ರ ಕೊಡಬೇಕು. ಶೇ 75 ಹಾಜರಾತಿ ಇಲ್ಲದೆ ಪರೀಕ್ಷೆಗೆ ಕೂರಿಸುವುದಿಲ್ಲವಾದ್ದರಿಂದ ಹುಡುಗರಿಗೆ ಅದು ಸಣ್ಣ ಸಂಗತಿಯಲ್ಲ. ಮೂವರು ಹಿರಿಯ ಆಟಗಾರರೂ ಸಹಿ ಹಾಕಿದರು.

ಆ ಹಾಳೆಯಲ್ಲಿ ಇಲ್ಲದಿದ್ದದ್ದು ಎರಡು. ತಾರೀಖು ಬದಲಾದರೆ ಏನು ಎಂದು ಬರೆದಿರಲಿಲ್ಲ. ಯಾರು ಯಾರಿಂದ ಅಡ್ವಾನ್ಸ್ ತೆಗೆದುಕೊಂಡಿದ್ದಾರೆ ಎಂದು ಯಾರೂ ಕೇಳಿರಲಿಲ್ಲ.

ಮೈದಾನಕ್ಕಾಗಿ ಹಾಕಿ ಕೋಚ್ ಜೊತೆ ಇನ್ನೊಂದು ಮಾತುಕತೆ. ಹಾಕಿ ಮೈದಾನ 91.4 ಮೀಟರ್ ಉದ್ದ, 55 ಮೀಟರ್ ಅಗಲ. ಫುಟ್‌ಬಾಲ್ ನಿಯಮದ ಪ್ರಕಾರ ಕನಿಷ್ಠ ಉದ್ದ 90, ಕನಿಷ್ಠ ಅಗಲ 45. ಅಂದರೆ ಚಿಕ್ಕದಾದರೂ ನಿಯಮಬದ್ಧ ಮೈದಾನ ಕಾಲೇಜಿನ ಹಿಂದೆಯೇ ಇತ್ತು, ಇವರು ಅದರ ಒಂದು ಮೂಲೆಯಲ್ಲಿ ಆಡಿಕೊಂಡಿದ್ದರು. ಬೆಳಿಗ್ಗೆ ಆರರಿಂದ ಏಳೂವರೆ ಪೂರ್ತಿ ಮೈದಾನ ಫುಟ್‌ಬಾಲಿಗೆ ಸಿಕ್ಕಿತು. ಷರತ್ತು ಒಂದೇ, ಮಳೆ ಬಿದ್ದ ಮರುದಿನ ಸ್ಟಡ್ ಬೂಟು ಹಾಕಿ ಹುಲ್ಲು ಕೀಳುವಂತಿಲ್ಲ.

ತೋಟದ ಮಾಲೀಕರೊಬ್ಬರು ಕೊಟ್ಟ ಸಿಲ್ವರ್ ಓಕ್ ಕಂಬಗಳಿಂದ ಸರಿಯಾದ ಅಳತೆಯ ಗೋಲು ಎದ್ದಿತು. ಗೋಲಿ ಮೊದಲ ದಿನ ಅದರ ನಡುವೆ ನಿಂತು ಎರಡೂ ಕಡೆ ಕೈಚಾಚಿ ನೋಡಿ ಸುಮ್ಮನಾದನಂತೆ. ಅವನಿಗೆ ಒಂದು ವಾರ ಶಾಟ್ ಹೊಡೆಯಲೇ ಇಲ್ಲ. ಬರೀ ಕ್ರಾಸ್. ಎರಡೂ ಅಂಚಿನಿಂದ ಚೆಂಡು ಎತ್ತಿ ಹಾಕುವುದು, ಅವನು ‘ನಂದು’ ಎಂದು ಕೂಗಿ ಮುಂದೆ ಬಂದು ಹಿಡಿಯುವುದು ಅಥವಾ ಗುದ್ದುವುದು. ಕೂಗದಿದ್ದರೆ ಹಿಡಿದರೂ ಲೆಕ್ಕಕ್ಕಿಲ್ಲ.

ಡಿಫೆಂಡರುಗಳಿಗೆ ಹಗ್ಗ. ನಾಲ್ವರ ಸೊಂಟಕ್ಕೂ ಒಂದೇ ಹಗ್ಗ ಸುತ್ತಿ, ನಡುವೆ ಒಂದಿಷ್ಟು ಸಡಿಲ ಬಿಟ್ಟು, ಚೆಂಡು ಎಡಕ್ಕೆ ಹೋದರೆ ನಾಲ್ವರೂ ಎಡಕ್ಕೆ, ಎದುರಾಳಿ ಚೆಂಡನ್ನು ಹಿಂದಕ್ಕೆ ಕೊಟ್ಟರೆ ನಾಲ್ವರೂ ನಾಲ್ಕು ಹೆಜ್ಜೆ ಮುಂದಕ್ಕೆ. ಒಬ್ಬ ಮರೆತರೆ ಉಳಿದ ಮೂವರು ಎಳೆದಾಡುತ್ತಿದ್ದರು. ತರಗತಿಗೆ ಬರುತ್ತಿದ್ದ ಹುಡುಗಿಯರು ನಿಂತು ನಗುತ್ತಿದ್ದರು. ಜೋಡಿ ಎತ್ತಿನ ಹಾಗೆ ಕಟ್ಟಿಹಾಕಿದ್ದೀರಿ ಅಂತ ನಾಲ್ಕನೇ ನಂಬರಿನವನು ಮುನಿಸಿಕೊಂಡನಂತೆ. ಮೂರು ವಾರ ಕಳೆದ ಮೇಲೆ ಹಗ್ಗ ಬಿಚ್ಚಿದರೂ ನಾಲ್ವರು ಜೊತೆಗೇ ಸರಿಯತೊಡಗಿದರು. ಹಗ್ಗದ ಅಭ್ಯಾಸ ಹೊಸದಲ್ಲ, ಕೋಚಿಂಗ್ ಕಲಿತವರಿಗೆ ಗೊತ್ತಿರುವುದೇ. ಇಲ್ಲಿ ಅದು ಕೆಲಸ ಮಾಡಿದ್ದು ಏಕೆಂದರೆ ಹುಡುಗರಿಗೆ ಚೆಂಡಿನ ಮೇಲಿನ ಹಿಡಿತ ಆಗಲೇ ಇತ್ತು, ಕಲಿಯಲು ಉಳಿದಿದ್ದು ಪಕ್ಕದವನನ್ನು ನೋಡುವುದೊಂದೇ.

ಒಂಬತ್ತನೇ ನಂಬರಿನವನ ಜೊತೆ ಸರ್ ಹೆಚ್ಚು ಕೆಲಸ ಮಾಡಲಿಲ್ಲ. ‘ಅವನಿಗೆ ಕಲಿಸೋದೇನಿದೆ’ ಅಂದುಕೊಂಡರು. ಅವನು ಆಫ್‌ಸೈಡ್‌ಗೆ ಮತ್ತೆ ಮತ್ತೆ ಸಿಕ್ಕಿಬೀಳುತ್ತಿದ್ದ. ಅವನು ಬಾರದ ದಿನ ಅವನ ಜಾಗದಲ್ಲಿ ಆಡುತ್ತಿದ್ದವನು ಹದಿನಾಲ್ಕು: ಮೊದಲ ವರ್ಷದ ಬಿ.ಕಾಂ. ಹುಡುಗ, ಚಳಕವಿಲ್ಲ, ಆದರೆ ಓಡಾಟ ನಿಲ್ಲಿಸುವವನಲ್ಲ. ಅವನಿಗೂ ಆ ತಿಂಗಳು ರಾತ್ರಿ ಆಟಕ್ಕೆ ಮೊದಲ ಸಲ ಕರೆ ಬಂದಿತ್ತು. ಒಪ್ಪಂದದ ತಾರೀಖಿಗೆ ತಾಗುತ್ತದೆಂದು ಅವನು ಹೋಗಲಿಲ್ಲ. ಈ ವಿಷಯ ಪಿ.ಡಿ. ಸರ್‌ಗೆ ಗೊತ್ತಾಗಿದ್ದು ಬಹಳ ತಡವಾಗಿ.

ತಾರೀಖು ಬದಲಾಯಿತು

ಅಕ್ಟೋಬರಿನಲ್ಲಿ ಕರಾವಳಿಯಲ್ಲಿ ಮಳೆ ಹಿಡಿದು ಆತಿಥೇಯ ಕಾಲೇಜಿನ ಮೈದಾನ ನೀರು ನಿಂತಿತು. ಟೂರ್ನಿ ಮುಂದಕ್ಕೆ ಹೋಯಿತೆಂದು ಸುತ್ತೋಲೆ ಬಂತು. ಹೊಸ ತಾರೀಖು ಸೋಮವಾರ ಮತ್ತು ಮಂಗಳವಾರ. ಅದರ ಹಿಂದಿನ ಭಾನುವಾರ ರಾತ್ರಿ ಪಕ್ಕದ ಊರಿನಲ್ಲಿ ಸೆವೆನ್ಸ್ ಫೈನಲ್, ಕ್ಲಬ್ ಫೈನಲ್ ತಲುಪಿತ್ತು.

ಪಿ.ಡಿ. ಸರ್ ಫೋನ್ ಮಾಡಿದಾಗ ಮ್ಯಾನೇಜರ್ ಹೇಳಿದ್ದು ನೇರ. ಹಾಳೆಯಲ್ಲಿ ಬರೆದ ತಾರೀಖಿಗೆ ನಾವು ಹುಡುಗರನ್ನು ಕರೆದಿಲ್ಲ, ಮಾತು ಉಳಿಸಿಕೊಂಡಿದ್ದೇವೆ. ತಾರೀಖು ಬದಲಿಸಿದ್ದು ನೀವು. ಆದರೂ ಕಾಲೇಜಿನ ಮೂವರನ್ನು ಅವರು ಬಿಟ್ಟುಕೊಟ್ಟರು. ಒಂಬತ್ತನ್ನು ಬಿಡಲಿಲ್ಲ. ಏಪ್ರಿಲ್‌ನಲ್ಲೇ ಅವನು ಆ ಋತುವಿಗೆಂದು ಕ್ಲಬ್ಬಿನಿಂದ ಅಡ್ವಾನ್ಸ್ ತೆಗೆದುಕೊಂಡಿದ್ದ. ಮನೆಯಲ್ಲಿ ಆಸ್ಪತ್ರೆಯ ಖರ್ಚು ಬಂದಿತ್ತು. ಹಣ ಕ್ಲಬ್ಬಿನದೂ ಅಲ್ಲ, ಪೇಟೆಯ ಇಬ್ಬರು ಮೂವರು ಅಂಗಡಿಯವರು ಹಾಕಿದ್ದು. ಫೈನಲ್‌ಗೆ ಅವನಿಲ್ಲದಿದ್ದರೆ ಅವರಿಗೆ ಉತ್ತರ ಹೇಳಬೇಕಾದವರು ಮ್ಯಾನೇಜರ್.

ಇದನ್ನು ಕೇಳಿದ ಮೇಲೂ ಸರ್ ಹುಡುಗನಿಗೆ ‘ನೀನೇ ಯೋಚನೆ ಮಾಡು’ ಎಂದಷ್ಟೇ ಹೇಳಿದರು. ಸಾಲದಲ್ಲಿರುವ ಇಪ್ಪತ್ತರ ಹುಡುಗನಿಗೆ ಇದು ಆಯ್ಕೆಯೇ ಅಲ್ಲ ಎಂಬುದು ನನ್ನ ಅಭಿಪ್ರಾಯ. ಹೊಸ ತಾರೀಖು ಬಂದ ದಿನವೇ ಅವನನ್ನು ಪಟ್ಟಿಯಿಂದ ಕೈಬಿಟ್ಟು, ತಂಡಕ್ಕೂ ಅವನಿಗೂ ಹೇಳಿಬಿಟ್ಟಿದ್ದರೆ ಮುಂದಿನದ್ದು ಅರ್ಧಕ್ಕರ್ಧ ನಡೆಯುತ್ತಿರಲಿಲ್ಲ.

ಟೂರ್ನಿ

ಸೋಮವಾರ ಬೆಳಗಿನ ಜಾವ ತಂಡ ಹೊರಡುವ ವ್ಯಾನಿನ ಹತ್ತಿರಕ್ಕೆ ಒಂಬತ್ತನೆಯವನು ಬೈಕಿನಲ್ಲಿ ಬಂದಿಳಿದ. ಕ್ಲಬ್ ಫೈನಲ್ ಗೆದ್ದಿತ್ತು. ಎಡ ಪಾದದ ಗಂಟಿಗೆ ಕ್ರೇಪ್ ಬ್ಯಾಂಡೇಜ್. ವ್ಯಾನಿನಲ್ಲಿ ಕೂತವರು ಯಾರೂ ಮಾತಾಡಲಿಲ್ಲ. ಪಿ.ಡಿ. ಸರ್ ‘ವ್ಯಾನ್ ಹತ್ತು’ ಅಂದರು.

ಮೊದಲ ಪಂದ್ಯ ಹತ್ತೂವರೆಗೆ. ಒಂದೇ ದಿನ ಎರಡೆರಡು ಪಂದ್ಯ ಆಡಬೇಕಾದ್ದರಿಂದ ಅವಧಿ ಕಡಿಮೆ ಮಾಡಿದ್ದರು. ಮಳೆ ಬಿಟ್ಟ ಕರಾವಳಿಯ ಸೆಕೆ ಹೇಗಿರುತ್ತದೆಂದು ಘಟ್ಟದ ಮೇಲಿನವರಿಗೆ ಹೇಳಿ ತಿಳಿಸುವುದು ಕಷ್ಟ, ನಿಂತಲ್ಲೇ ಬೆವರು. ಸರ್ ಉಪ್ಪು ಸಕ್ಕರೆ ನಿಂಬೆಹುಳಿ ಹಾಕಿದ ನೀರಿನ ಎರಡು ಕ್ಯಾನ್ ತಂದಿದ್ದರು, ಅಷ್ಟು ಯೋಚನೆ ಬೇರೆ ತಂಡಗಳಲ್ಲಿ ಕಾಣಲಿಲ್ಲ. ಒಂಬತ್ತು ಬೆಂಚಿನಲ್ಲಿ, ಹದಿನಾಲ್ಕು ಮೈದಾನದಲ್ಲಿ.

ಆ ಪಂದ್ಯವನ್ನು ನಾನು ಮೇಜಿನಿಂದ ನೋಡಿದೆ. ಎದುರು ತಂಡದ ಫಾರ್ವರ್ಡುಗಳ ಮೇಲೆ ಸಹಾಯಕ ರೆಫರಿಯ ಬಾವುಟ ಮತ್ತೆ ಮತ್ತೆ ಏಳುತ್ತಿತ್ತು. ನಾಲ್ವರು ಡಿಫೆಂಡರುಗಳು ಒಂದೇ ಗೆರೆ ಎಳೆದಂತೆ ಮುಂದೆ ಹಿಂದೆ ಆಗುತ್ತಿದ್ದರು. ಗೋಲಿ ಪ್ರತಿ ಕ್ರಾಸಿಗೂ ಕೂಗುತ್ತಿದ್ದ. ಹದಿನಾಲ್ಕನೆಯವನು ಗೋಲು ಹೊಡೆಯಲಿಲ್ಲ, ಆದರೆ ಎದುರಾಳಿ ಡಿಫೆಂಡರುಗಳಿಗೆ ಒಂದು ಪಾಸನ್ನೂ ನೆಮ್ಮದಿಯಾಗಿ ಕೊಡಲು ಬಿಡಲಿಲ್ಲ. ಹಾಗೆ ಕಿತ್ತುಕೊಂಡ ಎರಡು ಚೆಂಡಿನಿಂದಲೇ ಎರಡೂ ಗೋಲು. 2-0. ಮೂರು ವರ್ಷದ ನಂತರ ಮೊದಲ ಗೆಲುವು, ಅದೂ ಒಂಬತ್ತು ಇಲ್ಲದೆ. ಪಕ್ಕದಲ್ಲಿದ್ದ ರೆಫರಿಯೊಬ್ಬರು ‘ಇದು ಬೇರೆ ತಂಡ’ ಅಂದದ್ದು ಕಿವಿಗೆ ಬಿತ್ತು.

ಮಧ್ಯಾಹ್ನದ ಕ್ವಾರ್ಟರ್ ಫೈನಲ್ ಹಾಗಿರಲಿಲ್ಲ. ಕಾಲು ಸೋತಿತ್ತು. ಮೊದಲಾರ್ಧದಲ್ಲಿ ಕಾರ್ನರಿನಿಂದ ಒಂದು ಗೋಲು ಬಿತ್ತು. ಎರಡನೆಯ ಅರ್ಧ ನಡೆಯುತ್ತಿದ್ದಾಗ ಹಿರಿಯ ಆಟಗಾರರಿಬ್ಬರು ಅಂಚಿಗೆ ಬಂದು ‘ಸರ್, ಅವನನ್ನ ಬಿಡಿ’ ಎಂದರು. ಬೆಂಚಿನಲ್ಲಿದ್ದವನು ಅಷ್ಟರಲ್ಲಿ ಬೂಟಿನ ಲೇಸು ಬಿಗಿದಾಗಿತ್ತು. ಸರ್ ಹದಿನಾಲ್ಕನ್ನು ಹೊರಗೆ ಕರೆದು ಒಂಬತ್ತನ್ನು ಕಳಿಸಿದರು. ಅವನು ಓಡಲಿಲ್ಲ, ಓಡುವ ಸ್ಥಿತಿಯಲ್ಲೂ ಇರಲಿಲ್ಲ. ಬಾಕ್ಸಿನ ಹೊರಗೆ ಸಿಕ್ಕ ಒಂದು ಫ್ರೀ ಕಿಕ್ಕನ್ನು ಗೋಡೆಯ ಮೇಲಿಂದ ಬಾಗಿಸಿ ಮೂಲೆಗೆ ಹಾಕಿದ. ಆ ಮೈದಾನದಲ್ಲಿ ಆ ಎರಡು ದಿನ ನಾನು ಕಂಡ ಅತಿ ಚೆಂದದ ಗೋಲು ಅದೇ. ಟೈಬ್ರೇಕರಿನಲ್ಲಿ ಗೋಲಿ ಎರಡು ಕಿಕ್ ತಡೆದ. ತಂಡ ಸೆಮಿಫೈನಲ್‌ಗೆ.

ರಾತ್ರಿ ಆತಿಥೇಯ ಕಾಲೇಜಿನ ತರಗತಿಯಲ್ಲಿ ಚಾಪೆ ಹಾಸಿ ಮಲಗಿದ ತಂಡದಲ್ಲಿ ಎರಡು ಗುಂಪು ಇದ್ದವು. ಕೆಲವರಿಗೆ ಒಂಬತ್ತನೆಯವನೇ ದೇವರು. ರಾತ್ರಿ ಆಟ ಬಿಟ್ಟುಬಂದ ಮೂವರು ಮತ್ತು ಹದಿನಾಲ್ಕು ಇನ್ನೊಂದು ಮೂಲೆಯಲ್ಲಿ. ಪಿ.ಡಿ. ಸರ್ ಐಸ್ ತರಲು ಹೋಗಿದ್ದರು. ಅವರಿಗೆ ಆ ಮೂಲೆ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಗಂಟು ಊದಿತ್ತು. ‘ಆಡ್ತೀನಿ ಸರ್’ ಎಂದ ಒಂಬತ್ತು. ಸರ್ ಅವನನ್ನು ಮೊದಲ ಹನ್ನೊಂದರಲ್ಲೇ ಇಳಿಸಿದರು.

ಕ್ವಾರ್ಟರ್ ಫೈನಲಿನಲ್ಲಿ ಅವನನ್ನು ಕಳಿಸಿದ್ದನ್ನು ನಾನು ಸಮರ್ಥಿಸಬಲ್ಲೆ. ಸೋಲುತ್ತಿದ್ದೀರಿ, ಒಂದು ಒದೆತದಿಂದ ಪಂದ್ಯ ತಿರುಗಿಸುವವನು ಬೆಂಚಿನಲ್ಲಿದ್ದಾನೆ, ಓಡದಿದ್ದರೂ ನಡೆಯುತ್ತದೆ. ಸೆಮಿಯಲ್ಲಿ ಅವನಿಂದ ಶುರು ಮಾಡಿದ್ದು ಬೇರೆ ಮಾತು. ಮುಂಚೂಣಿಯಲ್ಲಿ ಓಡಲಾಗದವನು ನಿಂತರೆ ಎದುರು ತಂಡದ ಡಿಫೆಂಡರುಗಳು ಆರಾಮಾಗಿ ಚೆಂಡು ಹಿಡಿದು, ತಲೆಯೆತ್ತಿ ನೋಡಿ, ಉದ್ದ ಪಾಸು ಹಾಕುತ್ತಾರೆ. ಆಫ್‌ಸೈಡ್ ಗೆರೆ ಹಿಡಿಯುವ ತಂಡಕ್ಕೆ ಇದಕ್ಕಿಂತ ಅಪಾಯವಿಲ್ಲ, ಏಕೆಂದರೆ ಆ ಗೆರೆ ನಿಲ್ಲುವುದೇ ಪಾಸು ಕೊಡುವವನಿಗೆ ಸಮಯ ಸಿಗದಿದ್ದಾಗ. ಹಿಂದಿನ ದಿನ ಡಿಫೆನ್ಸ್ ಉಳಿದದ್ದು ಮುಂದೆ ಹದಿನಾಲ್ಕನೆಯವನು ನಾಯಿ ಓಟ ಓಡಿದ್ದರಿಂದ. ಅದು ಲೆಕ್ಕದಲ್ಲಿ ಬಂದಿರಲಿಲ್ಲ. ಅರ್ಧ ಗಂಟೆಯೊಳಗೆ ಬೆನ್ನ ಹಿಂದೆ ಎರಡು ಪಾಸು, ಎರಡು ಗೋಲು. ಸೆಕೆಗೆ ಮಾಂಸಖಂಡ ಹಿಡಿದುಕೊಂಡವರನ್ನು ಬದಲಿಸುತ್ತ ಅನುಮತಿಸಿದ ಬದಲಿಗಳೂ ಮುಗಿದವು. ಕೊನೆಗೆ ಒಂಬತ್ತು ಕುಂಟುತ್ತ ಮೈದಾನದ ನಡುವೆ ನಿಂತಿದ್ದ. 1-3.

ಆಮೇಲೆ

ತಂಡ ಊರಿಗೆ ಮರಳಿದ ಮೇಲೆ ಪ್ರಾಂಶುಪಾಲರು ಸಭೆ ಮಾಡಿ ಹಾರ ಹಾಕಿದರು. ಮರುದಿನ ಹದಿನಾಲ್ಕನೆಯವನು ತನ್ನ ಜೆರ್ಸಿಯನ್ನು ಒಗೆದು ಮಡಚಿ ದೈಹಿಕ ಶಿಕ್ಷಣ ವಿಭಾಗದ ಮೇಜಿನ ಮೇಲಿಟ್ಟು ಹೋದ. ಕಾರಣ ಕೇಳಲು ಸರ್ ಕ್ಲಾಸಿನ ಹೊರಗೆ ಕಾದರು. ‘ಆಡೋಕೆ ಹೋದವನಿಗೆ ದುಡ್ಡೂ ಸಿಕ್ತು, ಸೆಮಿನೂ ಸಿಕ್ತು. ನಂಗೆ ಎರಡೂ ಇಲ್ಲ ಸರ್’ ಎಂದನಂತೆ. ಅವನು ಕ್ಲಬ್ಬಿಗೆ ಸೇರಿದ. ಕಾಲೇಜಿಗೆ ಮತ್ತೆ ಆಡಲಿಲ್ಲ.

ವಿಶ್ವವಿದ್ಯಾಲಯ ತಂಡದ ಆಯ್ಕೆ ಶಿಬಿರಕ್ಕೆ ಈ ಕಾಲೇಜಿನಿಂದ ಇಬ್ಬರಿಗೆ ಕರೆ ಬಂತು: ಗೋಲಿ ಮತ್ತು ನಾಲ್ಕನೇ ನಂಬರು. ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಟೂರ್ನಿಗೆ ಹೋದ ತಂಡದಲ್ಲಿ ಗೋಲಿ ಇದ್ದ. ಆ ಪ್ರಮಾಣಪತ್ರಕ್ಕೆ ಮುಂದೆ ಕ್ರೀಡಾ ಕೋಟಾದಲ್ಲಿ ಬೆಲೆಯಿದೆ. ಒಂಬತ್ತನ್ನು ಆಯ್ಕೆಗಾರರು ಕುಂಟುವ ಸ್ಥಿತಿಯಲ್ಲೇ ನೋಡಿದ್ದರು, ಕರೆ ಬರಲಿಲ್ಲ. ಲಿಗಮೆಂಟ್ ಹರಿದಿದ್ದರಿಂದ ಅವನು ಫೆಬ್ರವರಿಯ ತನಕ ಬೂಟು ಮುಟ್ಟಲಿಲ್ಲ. ಸೆವೆನ್ಸ್ ಜೋರಾಗಿ ನಡೆಯುವ, ಕಾಸು ಹೆಚ್ಚು ಹುಟ್ಟುವ ತಿಂಗಳುಗಳು ಅವು. ಅಡ್ವಾನ್ಸಿನ ಬಾಕಿ ಹಾಗೇ ಉಳಿಯಿತು. ಎಡಗಾಲು ಊರಲಾಗದವನು ರೊಬಸ್ಟಾ ಕಾಫಿ ಕುಯ್ಯಲೂ ಹೋಗಲಾರ.

ಯಾರೊಂದಿಗೆ ಮಾತಾಡಿದರೂ ತಪ್ಪು ಬೇರೆಯವರದ್ದೇ. ಪಿ.ಡಿ. ಸರ್ ಪ್ರಕಾರ ‘ಅವನಿಲ್ಲದಿದ್ದರೆ ಸೆಮಿಗೇ ಹೋಗ್ತಿರಲಿಲ್ಲ.’ ಮ್ಯಾನೇಜರ್ ಪ್ರಕಾರ ಬ್ಯಾಂಡೇಜ್ ಕಟ್ಟಿದವನನ್ನು ಮೈದಾನಕ್ಕೆ ಇಳಿಸಿದವರದ್ದು. ಒಂಬತ್ತು ಯಾರನ್ನೂ ದೂರಲಿಲ್ಲ, ‘ಎರಡೂ ಕಡೆ ಬೇಕಾಗಿತ್ತು’ ಅಂದ.

ಇದರಿಂದ ಬೇರೆ ಕಾಲೇಜುಗಳವರು ಏನು ತೆಗೆದುಕೊಳ್ಳಬಹುದು ಎಂದರೆ, ಮೊದಲಿಗೆ ನಿಷೇಧವನ್ನು ಮರೆಯುವುದು. ಕಾಲೇಜು ಆಟಗಾರನಿಗೆ ಕೊಡುವುದು ಟಿ.ಎ., ಡಿ.ಎ. (ಪ್ರಯಾಣ ಮತ್ತು ದಿನದ ಭತ್ಯೆ) ಮತ್ತು ಒಂದು ಜೆರ್ಸಿ. ಅವನ ಫೀಸು ಕಟ್ಟುವುದು ರಾತ್ರಿ ಆಟ. ಅದನ್ನು ಬಿಡು ಎನ್ನುವ ಮೊದಲು ಬದಲಿಗೆ ಏನು ಕೊಡುತ್ತೇವೆಂದು ಹೇಳಬೇಕು, ಹೇಳಲು ನಮ್ಮಲ್ಲಿ ಏನೂ ಇಲ್ಲ. ಸೆವೆನ್ಸ್ ಆಟಗಾರನನ್ನು ಕೆಡಿಸುತ್ತದೆ ಎಂಬ ಮಾತನ್ನೂ ನಾನು ಪೂರ್ತಿ ಒಪ್ಪಲಾರೆ. ಆ ಫ್ರೀ ಕಿಕ್ ಕಲಿತದ್ದು ಕಾಲೇಜಿನಲ್ಲಲ್ಲ.

ಒಪ್ಪಂದದ ದಾರಿ ಸರಿ, ಅದು ಎಡವಿದ್ದು ಹಣದ ಹತ್ತಿರ. ಋತುವಿನ ಮೊದಲೇ ಪ್ರತಿಯೊಬ್ಬನನ್ನೂ ಒಂಟಿಯಾಗಿ ಕೂರಿಸಿ, ಯಾರ ಹತ್ತಿರ ಎಷ್ಟು ಮುಂಗಡ ತೆಗೆದುಕೊಂಡಿದ್ದೀಯ ಎಂದು ಕೇಳಬೇಕಿತ್ತು. ತಂಡದೆದುರು ಕೇಳಿದರೆ ಯಾರೂ ಹೇಳುವುದಿಲ್ಲ. ಇನ್ನು ಮಾತು ಮುರಿದವನಿಗೆ ಏನು ಎಂಬುದು ಮುರಿಯುವ ಮೊದಲೇ ತೀರ್ಮಾನವಾಗಿರಬೇಕು. ವ್ಯಾನಿನ ಬಾಗಿಲಲ್ಲಿ ನಿಂತು, ಹದಿನೈದು ಜೋಡಿ ಕಣ್ಣುಗಳ ಮುಂದೆ, ಬೆಳಗಿನ ಜಾವ ಯಾರಿಂದಲೂ ಅಂಥ ತೀರ್ಮಾನ ಸರಿಯಾಗಿ ಆಗದು. ‘ಹತ್ತು’ ಎಂಬ ಒಂದು ಮಾತಿಗೆ ಬೆಲೆ ತೆತ್ತವನು ಹದಿನಾಲ್ಕು.

ಮುಂದಿನ ವರ್ಷ ಗೋಲಿಯೇ ಕ್ಯಾಪ್ಟನ್. ಒಪ್ಪಂದದ ಹೊಸ ಹಾಳೆಯಲ್ಲಿ ಎರಡು ಸಾಲು ಸೇರಿದವು, ಎರಡನ್ನೂ ಸೂಚಿಸಿದವರು ಮ್ಯಾನೇಜರ್. ಕಾಲೇಜಿನ ಆಟಗಾರನಿಗೆ ಕ್ಲಬ್ ಅಡ್ವಾನ್ಸ್ ಕೊಟ್ಟರೆ ಅದೇ ವಾರ ಪಿ.ಡಿ. ಸರ್‌ಗೆ ತಿಳಿಸುವುದು. ಟೂರ್ನಿಯ ತಾರೀಖು ಬದಲಾಗಿ ಕ್ಲಬ್ಬಿನ ಪಂದ್ಯಕ್ಕೆ ತಾಗಿದರೆ ಆ ರಾತ್ರಿಗೆ ಕ್ಲಬ್ ಬೇರೆ ಗೆಸ್ಟನ್ನು ಕರೆಸುವುದು, ಹುಡುಗನ ಬಾಕಿ ಮುಂದಿನ ತಿಂಗಳಿಗೆ ಹೋಗುವುದು. ಆ ವರ್ಷ ಟೂರ್ನಿ ಮತ್ತೆ ಒಂದು ವಾರ ಮುಂದಕ್ಕೆ ಹೋಯಿತು. ಎರಡನೇ ವರ್ಷದ ಬ್ಯಾಕ್ ಒಬ್ಬನ ಜಾಗಕ್ಕೆ ಕ್ಲಬ್ ಗಡಿಯಾಚೆಯಿಂದ ಗೆಸ್ಟ್ ಕರೆಸಿತು. ಆ ಗೆಸ್ಟಿಗೆ ಬಸ್ ಚಾರ್ಜು ಯಾರು ಕೊಡಬೇಕೆಂಬ ಚರ್ಚೆ ಮಾತ್ರ ಡಿಸೆಂಬರ್ ತನಕ ನಡೆದು, ಕೊನೆಗೆ ಪಿ.ಡಿ. ಸರ್ ಮತ್ತು ಮ್ಯಾನೇಜರ್ ಅರ್ಧರ್ಧ ಹಾಕಿಕೊಂಡರು.